ಮೈಲುತುತ್ತ, ಉಪ್ಪು, ತುಕ್ಕು: ಜಗತ್ತಿನ ಸಮಸ್ಯೆಗಳಿಂದ ಕೆಮಿಸ್ಟ್ರಿ ಕಲಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉತ್ತರ ಕನ್ನಡದ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸುವವಳು. ಕೆಲವು ವರ್ಷ ಘಟ್ಟದ ಮೇಲೆ ಶಿರಸಿ ಕಡೆ ಇದ್ದೆ, ಈಗ ಘಟ್ಟದ ಕೆಳಗೆ. ಸಮಾಲೋಚನಾ ಸಭೆಯ ಚಹಾ ಹೊತ್ತಿನಲ್ಲಿ, ಪಾಲಕರ ಸಭೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

## ಮೊದಲು ಕೇಳುವ ಮಾತುಗಳು

ಜಾಗತಿಕ ಸಮಸ್ಯೆ ಇಟ್ಟುಕೊಂಡು ಕೆಮಿಸ್ಟ್ರಿ ಕಲಿಸೋದು ಅಂದರೆ ಏನು? ಪರಿಸರ ದಿನದ ಭಾಷಣನಾ?

ಅಲ್ಲ. ಭಾಷಣ, ಪೋಸ್ಟರ್, ಘೋಷಣೆ ಇದ್ಯಾವುದೂ ಅಲ್ಲ. ಕುಡಿಯುವ ನೀರು, ಬೆಳೆಯ ರೋಗ, ಬಿಸಿಯಾಗುವ ಹವೆ, ಪ್ಲಾಸ್ಟಿಕ್ ಕಸ ಇವೆಲ್ಲ ಜಗತ್ತಿನ ತಲೆನೋವುಗಳು. ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ರಾಸಾಯನಿಕ ಕ್ರಿಯೆ ಇದೆ. ಅದೇ ಕ್ರಿಯೆ ಪಠ್ಯಪುಸ್ತಕದಲ್ಲೂ ಇದೆ, ಮಗುವಿನ ಮನೆಯ ಹಿತ್ತಿಲಲ್ಲೂ ಇದೆ. ಹಿತ್ತಿಲಿಂದ ಶುರು ಮಾಡಿ, ಪುಸ್ತಕದ ಸಮೀಕರಣ ಬರೆದು, ಆಮೇಲೆ ಜಗತ್ತಿನ ಲೆಕ್ಕಕ್ಕೆ ಹೋಗುವುದು. ನಾನು ಮಾಡುವುದು ಇಷ್ಟೇ. ನನ್ನ ಒಂದು ಹಟ ಇದೆ: ಸಮೀಕರಣ ಇಲ್ಲ, ಅಂಕಿ ಇಲ್ಲ ಅಂದರೆ ಅದು ಕೆಮಿಸ್ಟ್ರಿ ಕ್ಲಾಸ್ ಅಲ್ಲ.

ಅಕ್ಕೋರೇ, ಇದೆಲ್ಲ ಮಾಡ್ತಾ ಕೂತರೆ ನನ್ನ ಮಗಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಡಿಮೆ ಆಗಲ್ವಾ?

ಆಗುವುದಿಲ್ಲ. ಪಾಠ ಅದೇ, ಪರೀಕ್ಷೆ ಅದೇ, ಉದಾಹರಣೆ ಮಾತ್ರ ಬೇರೆ. ವಿಜ್ಞಾನಕ್ಕೆ ಬರವಣಿಗೆಯಲ್ಲಿ 80, ಆಂತರಿಕ ಮೌಲ್ಯಮಾಪನದಲ್ಲಿ 20 ಅಂಕ. ಆ 20ಕ್ಕೆ ಹೇಗೂ ಏನಾದರೂ ಚಟುವಟಿಕೆ ಮಾಡಲೇಬೇಕು. ಥರ್ಮೋಕೋಲ್ ಮಾಡೆಲ್ ಅಂಗಡಿಯಿಂದ ತರುವ ಬದಲು ನಿಮ್ಮ ಬಾವಿಯ ನೀರು ತರಲಿ.

ಸಿಲೆಬಸ್ ಮುಗಿಸೋಕೇ ಟೈಮಿಲ್ಲ. ಯಾವಾಗ ಮಾಡೋದು ಹೇಳಿ?

ವರ್ಷಕ್ಕೆ ನಾಲ್ಕು ಸಾಕು. ನಿಜವಾಗಿ ನಾಲ್ಕೇ. ಪ್ರತಿ ಪಾಠಕ್ಕೂ ಒಂದು ಜಾಗತಿಕ ಸಮಸ್ಯೆ ಹುಡುಕಲು ಹೋದರೆ ಮೇಷ್ಟ್ರೂ ಸುಸ್ತು, ಮಕ್ಕಳೂ ಸುಸ್ತು. ಇನ್ನೊಂದು ಮಾತು: ಋತು ನೋಡಿ ಇಟ್ಟುಕೊಳ್ಳಿ. ಜೂನ್‌ನಲ್ಲಿ ತೋಟದ ಮದ್ದು, ಆಗಸ್ಟ್‌ನಲ್ಲಿ ತುಕ್ಕು, ಬೇಸಿಗೆ ಹತ್ತಿರ ಬಂದಾಗ ಉಪ್ಪು. ಬಿಸಿಲೇ ಇಲ್ಲದ ಜುಲೈನಲ್ಲಿ ಉಪ್ಪು ಮಾಡಿಸಲು ಹೋಗಿ ಒಂದು ವರ್ಷ ನಾನೇ ಪೇಚಿಗೆ ಬಿದ್ದಿದ್ದೆ. ಹತ್ತು ದಿನ ಆದರೂ ತಟ್ಟೆಯ ನೀರು ಹಾಗೇ ಇತ್ತು. ಕೊನೆಗೆ ಅದರಲ್ಲಿ ಸೊಳ್ಳೆ ಮರಿ ಕಂಡವು.

ನಮ್ಮ ಶಾಲೇಲಿ ಲ್ಯಾಬೇ ಇಲ್ಲ, ಸೂಚಕ ಎಲ್ಲಿಂದ ತರೋದು?

ಆಮ್ಲವೋ ಪ್ರತ್ಯಾಮ್ಲವೋ ಅಂತ ಬಣ್ಣ ಬದಲಿಸಿ ತೋರಿಸುವುದೇ ಸೂಚಕ. ಅದಕ್ಕೆ ಮುರುಗಲು (ಕೋಕಂ) ಇದೆಯಲ್ಲ! ಸಕ್ಕರೆ ಹಾಕದ ನಾಲ್ಕು ಒಣ ಮುರುಗಲು ಸಿಪ್ಪೆ ನೀರಲ್ಲಿ ನೆನೆಹಾಕಿ, ಕೆಂಪು ನೀರು ತೆಳ್ಳಗೆ ಮಾಡಿಕೊಳ್ಳಿ. ಎಲೆಗೆ ಹಚ್ಚುವ ಸುಣ್ಣವನ್ನು ಇನ್ನೊಂದು ಲೋಟದ ನೀರಲ್ಲಿ ಕಲಕಿ, ತಿಳಿ ತೆಗೆಯಿರಿ. ಆ ತಿಳಿಗೆ ಮುರುಗಲು ನೀರು ಹನಿ ಹನಿ ಹಾಕಿದರೆ ಕೆಂಪು ಹೋಗಿ ನೀಲಿ-ಹಸಿರಿನ ಕಡೆ ತಿರುಗುತ್ತದೆ. ಜಾಸ್ತಿ ಸುರಿದರೆ ಮತ್ತೆ ಕೆಂಪು, ಯಾಕೆಂದರೆ ಮುರುಗಲೇ ಆಮ್ಲ. ಇದನ್ನು ಮಕ್ಕಳೇ ಕಂಡುಹಿಡಿಯಲಿ, ನೀವು ಮೊದಲೇ ಹೇಳಬೇಡಿ. ದಾಸವಾಳವೂ ಆಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿಗೆ ಓಕುಳಿ ನೀರು ಮಾಡುತ್ತಾರಲ್ಲ, ಅದೂ ಸೂಚಕವೇ.

## ತರಗತಿಗೆ ಇಳಿದ ಮೇಲೆ

ಶಿರಸಿ ಕಡೆ ಮಕ್ಕಳಿಗೆ ಎಲ್ಲಿಂದ ಶುರು ಮಾಡ್ತೀರಿ?

ಅಡಿಕೆ ತೋಟದ ಮದ್ದಿನಿಂದ. ನನ್ನ ಲೆಕ್ಕದಲ್ಲಿ ಹತ್ತನೇ ಕ್ಲಾಸಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಮಳೆಗಾಲಕ್ಕೆ ಕೊಳೆ ರೋಗ ಬರುತ್ತದೆ. ಅದಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಶೇಕಡಾ 1ರ ದ್ರಾವಣ ಅಂದರೆ ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತೋಟದ ಮನೆಯ ಮಕ್ಕಳಿಗೆ ಇದು ಬಾಯಿಪಾಠ. ಅವರಿಗೆ ಗೊತ್ತಿಲ್ಲದ್ದು ಒಂದೇ, ತಾವು ನೋಡುತ್ತಿರುವುದು ಕೆಮಿಸ್ಟ್ರಿ ಅನ್ನುವುದು.

ಒಬ್ಬ ಹುಡುಗನ ಮನೆಗೆ ಕ್ಲಾಸನ್ನೇ ಕರೆದುಕೊಂಡು ಹೋಗಿದ್ದೆ. ಅಂಗಳದಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್. ಒಂದರಲ್ಲಿ ಮೈಲುತುತ್ತದ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ಹಾಲು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ನೀಲಿ ನೀರನ್ನು ಸುಣ್ಣದ ಡ್ರಮ್ಮಿಗೆ ನಿಧಾನ ಸುರಿಯುತ್ತಿದ್ದ, ಹುಡುಗನ ಅಪ್ಪ ಕೋಲಿನಿಂದ ತಿರುಗಿಸುತ್ತಿದ್ದರು. ಆಕಾಶದ ಬಣ್ಣದ ಗಂಜಿ ಹಾಗೆ ಆಯಿತು. ಆಮೇಲೆ ಅವರು ಸೊಂಟದ ಕತ್ತಿ ತೆಗೆದು, ಅಲಗನ್ನು ಬಟ್ಟೆಯಿಂದ ಒರೆಸಿ, ಡ್ರಮ್ಮಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದರು. ಮೇಲೆತ್ತಿದಾಗ ಅಲಗಿನ ಮೇಲೆ ಕಂದು-ಕೆಂಪು ಲೇಪ. "ಸುಣ್ಣ ಸಾಲ" ಅಂದರು. ಮತ್ತೆ ಒಂದು ತಂಬಿಗೆ ಸುಣ್ಣದ ನೀರು ಹಾಕಿಸಿದರು. ಎರಡನೇ ಸಲ ಕತ್ತಿ ಹಾಗೇ ಬಿಳಿಯಾಗಿ ಬಂತು.

ಆ ಲೇಪ ಏನು? ತಾಮ್ರ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ಅದು ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ. ಮೊದಲ ಪಾಠದಲ್ಲೇ ಇರುವ ಕಬ್ಬಿಣದ ಮೊಳೆಯ ಸ್ಥಾನಪಲ್ಲಟ ಕ್ರಿಯೆ ಇದೇ. ಸುಣ್ಣ ಸಾಕಷ್ಟು ಬಿದ್ದಾಗ ಕರಗಿದ ತಾಮ್ರ ಉಳಿಯುವುದಿಲ್ಲ, ಕರಗದ ಸಂಯುಕ್ತವಾಗಿ ಕೂರುತ್ತದೆ. ಆಗ ಕತ್ತಿಗೆ ಅಂಟಲು ಏನೂ ಇರುವುದಿಲ್ಲ. ಕರಗಿದ ತಾಮ್ರ ಜಾಸ್ತಿ ಉಳಿದರೆ ಎಳೆ ಕಾಯಿ, ಎಲೆ ಸುಟ್ಟ ಹಾಗಾಗುತ್ತವೆ. ಕರಗದೆ ಕೂತ ತಾಮ್ರ ಗೊನೆಗೆ ಅಂಟಿಕೊಂಡು, ಮಳೆಗೂ ಬೇಗ ತೊಳೆದುಹೋಗದೆ, ಸ್ವಲ್ಪ ಸ್ವಲ್ಪವೇ ಕೆಲಸ ಮಾಡುತ್ತದೆ. ಕಬ್ಬಿಣದ ಬಾನಿಯಲ್ಲಿ ಮೈಲುತುತ್ತ ಯಾಕೆ ಕರಗಿಸಬಾರದು ಅನ್ನುವುದಕ್ಕೂ ಉತ್ತರ ಸಿಕ್ಕಿತು, ಅಲ್ವಾ? ಸ್ಥಾನಪಲ್ಲಟ, ತಟಸ್ಥೀಕರಣ, ಅವಕ್ಷೇಪ, ಮೂರೂ ಒಂದೇ ಅಂಗಳದಲ್ಲಿ ಆಯಿತು.

ಇದು ಜಗತ್ತಿಗೆ ಹೇಗೆ ಸೇರುತ್ತದೆ ಅಂದರೆ, ಹೆಸರಿನಿಂದಲೇ. ಬೋರ್ಡೋ ಫ್ರಾನ್ಸಿನ ದ್ರಾಕ್ಷಿ ಸೀಮೆ. ದಾರಿ ಬದಿಯ ಬಳ್ಳಿಗಳಿಂದ ಹಣ್ಣು ಕದಿಯುವವರನ್ನು ಹೆದರಿಸಲು ಅಲ್ಲಿಯ ರೈತರು ಮೈಲುತುತ್ತ-ಸುಣ್ಣ ಎರಚುತ್ತಿದ್ದರಂತೆ. ಎರಚಿದ ಬಳ್ಳಿಗಳಿಗೆ ರೋಗ ಬಂದಿಲ್ಲ ಎಂದು ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಅದನ್ನು ಪ್ರಕಟಿಸಿದರು. ಕಳ್ಳರಿಗೆ ಹೊಡೆದ ಮದ್ದು ರೋಗಕ್ಕೆ ತಾಗಿತು ಅಂದಾಗ ಹಿಂದಿನ ಬೆಂಚೂ ನಗುತ್ತದೆ.

ಹಾಗಾದರೆ ಮೈಲುತುತ್ತ ಕೆಟ್ಟದ್ದಾ ಮೇಡಂ? ಅಪ್ಪ ಪ್ರತಿ ವರ್ಷ ಹೊಡೆಸ್ತಾರೆ.

ಇದನ್ನು ಕೇಳಿದ್ದು ಒಂಬತ್ತನೇ ಕ್ಲಾಸಿನ ಹುಡುಗಿ, ಸ್ವಲ್ಪ ಹೆದರಿಕೊಂಡೇ. ಅಪ್ಪನನ್ನು ಅಪರಾಧಿ ಮಾಡುವ ಪಾಠ ಬೇಡ. ಹೊಡೆಯದಿದ್ದರೆ ಫಸಲೇ ಹೋಗಬಹುದು. ಆದರೆ ಲೆಕ್ಕ ಮಾಡೋಣ ಅಂದೆ. ಮೈಲುತುತ್ತದ ತೂಕದಲ್ಲಿ ತಾಮ್ರ ಸುಮಾರು ಕಾಲು ಭಾಗ, ಕಿಲೋಗೆ 254 ಗ್ರಾಂ. ನಿಮ್ಮ ತೋಟಕ್ಕೆ ವರ್ಷಕ್ಕೆ ಎಷ್ಟು ಕಿಲೋ ಹೋಯಿತು, ಎಷ್ಟು ವರ್ಷದಿಂದ, ಗುಣಿಸು. ತಾಮ್ರ ಒಂದು ಧಾತು. ಕೊಳೆತು ಹೋಗುವುದಿಲ್ಲ, ಒಡೆದು ಬೇರೆ ಆಗುವುದಿಲ್ಲ, ಮಣ್ಣಿನಲ್ಲೇ ಸೇರುತ್ತಾ ಹೋಗುತ್ತದೆ. ಯುರೋಪಿನ ದ್ರಾಕ್ಷಿ ತೋಟಗಳದ್ದೂ ಇದೇ ಚಿಂತೆ. ಅಲ್ಲಿ 2019ರಿಂದ ಹೆಕ್ಟೇರಿಗೆ 7 ವರ್ಷಕ್ಕೆ ಒಟ್ಟು 28 ಕಿಲೋ ತಾಮ್ರ ಎಂಬ ಮಿತಿ ಇದೆ. ಆ ಹುಡುಗಿ ಮನೆಯ ಲೆಕ್ಕದ ಪುಸ್ತಕ ಹುಡುಕಿ ಗುಣಾಕಾರ ಮಾಡಿ ತಂದಳು. ಮೊದಲು ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರಂತೆ, ಅದನ್ನೂ ಅಜ್ಜನ ಹತ್ತಿರ ಕೇಳಿ ಬರೆದಿದ್ದಳು.

ನಾವು ಕರಾವಳಿಯವರು, ತೋಟ ಇಲ್ಲ. ನಮಗೆ?

ಸಮುದ್ರ ಇದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ ಇದೆ. 1930ರಲ್ಲಿ ಅಂಕೋಲೆಯವರು ಉಪ್ಪಿನ ಕಾಯಿದೆ ಮುರಿದ ಕತೆ ಮಕ್ಕಳಿಗೆ ಸಮಾಜ ಪಾಠದಿಂದಲೇ ಗೊತ್ತು. ಒಂದು ಲೀಟರ್ ಸಮುದ್ರದ ನೀರನ್ನು ಅಗಲದ ಸ್ಟೀಲ್ ತಟ್ಟೆಯಲ್ಲಿ ಮಾರ್ಚ್ ಬಿಸಿಲಿಗೆ ಇಡಿ. ದಿನವೂ ಮಕ್ಕಳು ನೋಡಿ ಬರೆಯಲಿ. ಮೊದಲು ಬರುವುದು ಉಪ್ಪಲ್ಲ, ಬಿಳಿ ಹುಡಿಯ ತೆಳು ಪದರ. ಅದರಲ್ಲಿ ಜಾಸ್ತಿ ಜಿಪ್ಸಂ. ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದ ಮೇಲೆ ನಿಜವಾದ ಉಪ್ಪಿನ ಹರಳು, ಭೂತಗನ್ನಡಿಯಲ್ಲಿ ನೋಡಿದರೆ ಚೌಕ ಚೌಕ. ಕೊನೆಗೆ ಒಣಗದೆ ಜಿಗುಟಾಗಿ ಉಳಿಯುವ ನೀರಿನಲ್ಲಿ ಮೆಗ್ನೀಸಿಯಮ್ ಲವಣಗಳು. ಮಳೆಗಾಲದಲ್ಲಿ ಭರಣಿಯ ಕಲ್ಲುಪ್ಪು ನೀರು ಬಿಡುವುದು ಈ ಮೆಗ್ನೀಸಿಯಮ್ ಕ್ಲೋರೈಡಿನಿಂದ. ಅದು ಗಾಳಿಯ ತೇವ ಎಳೆಯುತ್ತದೆ.

ಲೀಟರಿಗೆ ಸುಮಾರು 35 ಗ್ರಾಂ ಲವಣ. ಕುಡಿಯುವ ನೀರಿನಲ್ಲಿ ಕರಗಿದ ಒಟ್ಟು ಲವಣ ಲೀಟರಿಗೆ 500 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು ಎನ್ನುತ್ತದೆ ಭಾರತೀಯ ಮಾನಕ. ಅಂದರೆ ಸಮುದ್ರದ ನೀರು ಅದರ 70 ಪಟ್ಟು. ಈಗ ದೊಡ್ಡ ಪ್ರಶ್ನೆ: ನೀರಿಲ್ಲದ ದೇಶಗಳು ಸಮುದ್ರದ ನೀರನ್ನೇ ಕುಡಿಯುವಂತೆ ಮಾಡುತ್ತವಲ್ಲ, ಹೇಗೆ? ಸುಮ್ನೆ ಕುದಿಸಿ ಆವಿ ಹಿಡಿದರೆ ಸಾವಿರ ಲೀಟರಿಗೆ ಆವಿ ಮಾಡಲೇ 600 ಯೂನಿಟ್‌ಗಿಂತ ಜಾಸ್ತಿ ಶಕ್ತಿ ಬೇಕು. ಪೊರೆಯ ಮೂಲಕ ಒತ್ತಡ ಹಾಕಿ ಸೋಸುವ ಈಗಿನ ಘಟಕಗಳಿಗೆ 3ರಿಂದ 4 ಯೂನಿಟ್ ಸಾಕು. ಮೊದಲನೆಯ ಅಂಕಿಯನ್ನು ಮಕ್ಕಳೇ ಆವಿಯ ಗುಪ್ತೋಷ್ಣದಿಂದ ಲೆಕ್ಕ ಹಾಕಬಹುದು. ನೀರನ್ನು ಆವಿ ಮಾಡುವುದು ಎಷ್ಟು ದುಬಾರಿ ಅಂತ ಆಗ ಗೊತ್ತಾಗುತ್ತದೆ. ಆಗರದವರಿಗೆ ಸೂರ್ಯ ಬಿಲ್ ಕಳಿಸುವುದಿಲ್ಲ, ಅಷ್ಟೇ.

ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಕಾಳಿ, ಅಘನಾಶಿನಿ ಸಮುದ್ರ ಸೇರುವ ಕಡೆ ನೀರು ತಂದರೆ 35 ಗ್ರಾಂ ಬರುವುದಿಲ್ಲ, ಬಹಳ ಕಡಿಮೆ ಬರುತ್ತದೆ. ತಪ್ಪು ಉತ್ತರ ಅಂತ ಗುರುತು ಹಾಕಬೇಡಿ. ಅದೂ ಒಂದು ಪಾಠ.

ಕಾರವಾರದಲ್ಲಿ ಸ್ಕೂಟರು ಇಷ್ಟು ಬೇಗ ಯಾಕೆ ತುಕ್ಕು ಹಿಡಿಯುತ್ತೆ? ಕಾಳಿ ಸೇತುವೆ ಬಿದ್ದಿದ್ದೂ ಇದಕ್ಕೇನಾ?

ಎರಡು ಪ್ರಶ್ನೆಯನ್ನೂ ಬೇರೆ ಬೇರೆ ಮಾಡಿ. ತುಕ್ಕಿಗೆ ಕಬ್ಬಿಣ, ನೀರು, ಆಮ್ಲಜನಕ ಮೂರೂ ಬೇಕು. ಸಮುದ್ರದ ಗಾಳಿಯ ಉಪ್ಪು ನೀರಿನ ವಿದ್ಯುತ್ ವಾಹಕತೆ ಹೆಚ್ಚಿಸುತ್ತದೆ, ಹಾಗಾಗಿ ಕ್ರಿಯೆ ಜೋರಾಗುತ್ತದೆ. ನಾಲ್ಕು ಮೊಳೆ, ನಾಲ್ಕು ಬಾಟಲಿ: ಬಾವಿ ನೀರು, ಸಮುದ್ರದ ನೀರು, ಎಣ್ಣೆ, ಸತು ಲೇಪದ ಮೊಳೆ ಹಾಕಿದ ಸಮುದ್ರದ ನೀರು. ಒಂದು ವಾರ ಸಾಕು. ಉಕ್ಕಿನ ಹಡಗಿನ ತಳಕ್ಕೆ ಸತುವಿನ ಗಟ್ಟಿ ಕಟ್ಟಿ, ಅದನ್ನೇ ಸಮುದ್ರಕ್ಕೆ ತಿನ್ನಲು ಬಿಟ್ಟು, ಉಕ್ಕು ಉಳಿಸಿಕೊಳ್ಳುವ ಉಪಾಯವನ್ನು ಇಲ್ಲೇ ಹೇಳಿ.

2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದ ಮೇಲೆ ಮಕ್ಕಳು ಇದನ್ನು ಕೇಳದೆ ಬಿಡುವುದಿಲ್ಲ. ಕಾಂಕ್ರೀಟ್ ತೀವ್ರ ಪ್ರತ್ಯಾಮ್ಲ, ಪಿಎಚ್ (ಆಮ್ಲ-ಪ್ರತ್ಯಾಮ್ಲದ ಅಳತೆ, 7 ಅಂದರೆ ತಟಸ್ಥ) 12ರ ಮೇಲೆ. ಅದರೊಳಗಿನ ಸರಳಿಗೆ ಒಂದು ತೆಳು ರಕ್ಷಾ ಪೊರೆ ಇರುತ್ತದೆ. ಕ್ಲೋರೈಡ್ ಒಳಗಿಳಿದರೆ ಪೊರೆ ಒಡೆಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುವುದರಿಂದ ಕಾಂಕ್ರೀಟ್ ಸೀಳುತ್ತದೆ. ಇದು ಕೆಮಿಸ್ಟ್ರಿ. ಆ ಸೇತುವೆ ಆ ರಾತ್ರಿ ಯಾಕೆ ಬಿತ್ತು ಅನ್ನುವುದು ಎಂಜಿನಿಯರ್‌ಗಳು ತನಿಖೆ ಮಾಡಿ ಹೇಳಬೇಕಾದ ಮಾತು. ಈ ಗೆರೆ ಎಳೆಯುವುದನ್ನು ಕಲಿಸುವುದೂ ವಿಜ್ಞಾನದ ಪಾಠವೇ.

ಮೋಲ್ ಲೆಕ್ಕ ಅಂದರೆ ಮಕ್ಕಳು ಓಡ್ತಾರೆ. ಇದಕ್ಕೂ ಏನಾದ್ರೂ ಇದೆಯಾ?

ಅಡುಗೆಮನೆಯ ಗ್ಯಾಸ್ ಸಿಲಿಂಡರ್. ಒಳಗೆ 14.2 ಕಿಲೋ. ಎಲ್ಲಾ ಬ್ಯೂಟೇನ್ ಅಂತ ಇಟ್ಟುಕೊಳ್ಳಿ. ಎರಡು ಬ್ಯೂಟೇನ್ ಅಣು ಹದಿಮೂರು ಆಮ್ಲಜನಕ ಅಣುಗಳ ಜೊತೆ ಉರಿದು ಎಂಟು ಕಾರ್ಬನ್ ಡೈಆಕ್ಸೈಡ್, ಹತ್ತು ನೀರು. 58 ಗ್ರಾಂ ಬ್ಯೂಟೇನಿಗೆ 176 ಗ್ರಾಂ ಕಾರ್ಬನ್ ಡೈಆಕ್ಸೈಡ್. ಹಾಗಾದರೆ ಒಂದು ಸಿಲಿಂಡರಿಗೆ 43 ಕಿಲೋ! "14 ಕಿಲೋ ಉರಿಸಿದರೆ 43 ಕಿಲೋ ಹೇಗೆ ಬರುತ್ತೆ, ನೀವು ತಪ್ಪು ಮಾಡಿದ್ದೀರಿ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಲ್ಲಿ ನಿಲ್ಲಿಸಿ, ಮುಂದೆ ಹೋಗಬೇಡಿ. ಮಿಕ್ಕ ತೂಕ ಗಾಳಿಯ ಆಮ್ಲಜನಕದ್ದು ಅಂತ ಅವರೇ ಹೇಳುವ ತನಕ ಕಾಯಿರಿ.

ಪ್ಲಾಸ್ಟಿಕ್ ಬಗ್ಗೆ ಘೋಷಣೆ ಬಿಟ್ಟು ಏನು ಮಾಡಿಸಬಹುದು?

ದಂಡೆಯಲ್ಲಿ ಸಿಗುವ ಬಲೆಯ ಚೂರು, ಹಗ್ಗ, ಬಾಟಲಿ ಚೂರು ತನ್ನಿ. ಎರಡು ಲೋಟ: ಒಂದರಲ್ಲಿ ಸಿಹಿ ನೀರು, ಇನ್ನೊಂದರಲ್ಲಿ ಉಪ್ಪು ಕರಗುವಷ್ಟೂ ಕರಗಿಸಿದ ನೀರು. ಪಾಲಿಥೀನ್, ಪಾಲಿಪ್ರೊಪಿಲೀನ್ ಎರಡರಲ್ಲೂ ತೇಲುತ್ತವೆ. ನೈಲಾನ್ ಬಲೆ ಸಿಹಿ ನೀರಲ್ಲಿ ಮುಳುಗಿ, ಉಪ್ಪು ನೀರಲ್ಲಿ ತೇಲುತ್ತದೆ. ನೀರಿನ ಬಾಟಲಿಯ ಪೆಟ್ ಎರಡರಲ್ಲೂ ಮುಳುಗುತ್ತದೆ. ಗಾಳಿ ಗುಳ್ಳೆ ಅಂಟದ ಹಾಗೆ ಒದ್ದೆ ಬೆರಳಿಂದ ಒರೆಸಬೇಕು. ಸಮುದ್ರದ ನೀರು ಈ ಲೋಟದಷ್ಟು ಉಪ್ಪಲ್ಲ, ಸಿಹಿ ನೀರಿನ ಲೋಟಕ್ಕೇ ಹತ್ತಿರ ಅನ್ನುವುದನ್ನು ನೆನಪಿಟ್ಟರೆ, ಸಮುದ್ರದಲ್ಲಿ ಯಾವ ಕಸ ಮೇಲೆ, ಯಾವುದು ತಳದಲ್ಲಿ ಅಂತ ಇದರಿಂದಲೇ ಊಹಿಸಬಹುದು. ಸುಟ್ಟು ನೋಡುವ ಪರೀಕ್ಷೆ ಮಾತ್ರ ಬೇಡವೇ ಬೇಡ, ಹೊಗೆ ವಿಷ.

## ಸ್ವಲ್ಪ ಗಟ್ಟಿ ಪ್ರಶ್ನೆಗಳು

ಸಮುದ್ರ ಆಮ್ಲ ಆಗ್ತಿದೆ ಅಂತಾರೆ. ನೀರು ಹುಳಿ ಆಗುತ್ತಾ?

ಆಗುವುದಿಲ್ಲ. ಕೈಗಾರಿಕೆ ಶುರುವಾಗುವ ಮೊದಲು ಸಮುದ್ರದ ಮೇಲ್ಪದರದ ಸರಾಸರಿ ಪಿಎಚ್ ಸುಮಾರು 8.2, ಈಗ 8.1ರ ಹತ್ತಿರ. ಇನ್ನೂ ಪ್ರತ್ಯಾಮ್ಲದ ಕಡೆಯೇ ಇದೆ. ಆದರೆ ಪಿಎಚ್ ಮಾಪಕ ಲಾಗರಿದಮ್ ಲೆಕ್ಕದ್ದು. 0.1 ಇಳಿಕೆ ಅಂದರೆ ಹೈಡ್ರೋಜನ್ ಅಯಾನು ಶೇಕಡಾ 26ರಷ್ಟು ಜಾಸ್ತಿ. ಕಾರ್ಬನ್ ಡೈಆಕ್ಸೈಡ್ ಕರಗಿ ಬಂದ ಈ ಅಯಾನುಗಳು ಕಾರ್ಬೊನೇಟನ್ನು ಕಬಳಿಸುತ್ತವೆ. ಚಿಪ್ಪು ಕಟ್ಟಿಕೊಳ್ಳಲು ಬಳಚು, ಕಲ್ವದಂಥ ಚಿಪ್ಪಿನ ಜೀವಿಗಳಿಗೆ ಅದೇ ಬೇಕು.

ಚಿಪ್ಪಿನ ಮೇಲೆ ವಿನೆಗರ್ ಹಾಕಿ ಬುರುಬುರು ತೋರಿಸುವುದು ಎಲ್ಲರಿಗೂ ಇಷ್ಟ. ತೋರಿಸಿ, ಆದರೆ ಇದು ಅತಿಯಾದ ಚಿತ್ರ ಅಂತ ಹೇಳಿ. ವಿನೆಗರ್ ಎಲ್ಲಿ, ಸಮುದ್ರ ಎಲ್ಲಿ. ಇನ್ನೊಂದು ತಪ್ಪು: ಅಘನಾಶಿನಿ ಅಳಿವೆಯಲ್ಲಿ ಒಂದು ದಿನ ಪಿಎಚ್ ಅಳೆದು "ನೋಡಿ, ಜಾಗತಿಕ ಬದಲಾವಣೆ" ಅನ್ನುವುದು. 2024ರಲ್ಲಿ ರಾಮ್ಸರ್ ಪಟ್ಟಿ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಜಾಗ ಅದು, ಕರೆದುಕೊಂಡು ಹೋಗಲೇಬೇಕು. ಆದರೆ ಅಳಿವೆಯ ನೀರು ಭರತ-ಇಳಿತ, ಮಳೆ, ಹೊತ್ತು ನೋಡಿ ದಿನದಲ್ಲೇ ಏರಿಳಿಯುತ್ತದೆ. ದಶಕಗಟ್ಟಲೆ ಅಳೆದರೆ ಮಾತ್ರ ದೊಡ್ಡ ಚಿತ್ರ ಕಾಣುವುದು.

ಚಿಪ್ಪಿ ಸುಣ್ಣಕ್ಕೂ ಸಿಮೆಂಟಿಗೂ ಏನು ಸಂಬಂಧ?

ಕ್ರಿಯೆ ಒಂದೇ. ಚಿಪ್ಪಿಯಲ್ಲೂ ಸಿಮೆಂಟಿಗೆ ಸುಡುವ ಸುಣ್ಣದ ಕಲ್ಲಿನಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿಗೆ ಸುಟ್ಟರೆ 100 ಗ್ರಾಂನಲ್ಲಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ, 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಸೌದೆಯ ಹೊಗೆ ಇದಕ್ಕೆ ಬೇರೆ. ಆದ್ದರಿಂದಲೇ ಕಾರ್ಖಾನೆ ಪೂರ್ತಿ ಸೋಲಾರ್ ಮೇಲೆ ನಡೆದರೂ ಸಿಮೆಂಟಿನ ಸಮಸ್ಯೆ ಮುಗಿಯುವುದಿಲ್ಲ.

ಕೈಗಾ ಅಣುಸ್ಥಾವರ ಒಳ್ಳೇದಾ ಕೆಟ್ಟದ್ದಾ ಅಂತ ಮಕ್ಕಳು ಕೇಳ್ತಾರೆ. ಏನು ಹೇಳೋದು?

ನನ್ನ ಅಭಿಪ್ರಾಯ ಹೇಳುವುದಿಲ್ಲ. ಅಲ್ಲಿ ಕೆಲಸ ಮಾಡುವವರ ಮಕ್ಕಳೂ ಅದೇ ಬೆಂಚಿನಲ್ಲಿ ಇರುತ್ತಾರೆ, ವಿರೋಧ ಮಾಡಿದವರ ಮೊಮ್ಮಕ್ಕಳೂ. ಅಂಕಿ ಮುಂದಿಡುತ್ತೇನೆ. 220 ಮೆಗಾವಾಟ್‌ನ ನಾಲ್ಕು ಘಟಕ. ಇಂಧನ ಸಹಜ ಯುರೇನಿಯಂ, ಅದರಲ್ಲಿ ಸುಲಭವಾಗಿ ವಿದಳನ ಆಗುವ (ಒಡೆಯುವ) ಸಮಸ್ಥಾನಿ, ಅಂದರೆ ಅದೇ ಧಾತುವಿನ ಬೇರೆ ತೂಕದ ಪರಮಾಣು, ಶೇಕಡಾ 0.7 ಮಾತ್ರ. ಅಷ್ಟರಲ್ಲೇ ಕೆಲಸ ನಡೆಯಬೇಕಾದರೆ ಭಾರಜಲ (ಹೈಡ್ರೋಜನ್ನಿನ ಭಾರದ ಸಮಸ್ಥಾನಿ ಇರುವ ನೀರು) ಬೇಕು. ಭಾರಜಲದ ಮಂಜುಗಡ್ಡೆ ಮಾಮೂಲಿ ನೀರಿನಲ್ಲಿ ಮುಳುಗುತ್ತದೆ ಅಂದರೆ ಸಮಸ್ಥಾನಿ ಪಾಠ ಯಾರೂ ಮರೆಯುವುದಿಲ್ಲ. ಆಮೇಲೆ ಕಲ್ಲಿದ್ದಲಿನ ಹೊಗೆ, ಅಣು ತ್ಯಾಜ್ಯ, ಅಣೆಕಟ್ಟಿನಲ್ಲಿ ಮುಳುಗಿದ ಕಾಡು, ಮೂರನ್ನೂ ಬೋರ್ಡಿನ ಮೇಲೆ ಬರೆದು ವಾದ ಮಾಡಲು ಬಿಡುತ್ತೇನೆ. ತಾವು ಒಪ್ಪದ ಕಡೆಯಿಂದಲೇ ವಾದಿಸಬೇಕು ಅನ್ನುವುದು ಷರತ್ತು.

ಪಿಯುಸಿ ಸಮತೋಲನ ಪಾಠಕ್ಕೆ?

ಯೂರಿಯಾ ಚೀಲ. ಮೇಲೆ ಸಾರಜನಕ ಶೇಕಡಾ 46 ಅಂತ ಯಾಕೆ ಇದೆ, ಅಣುತೂಕದಿಂದ ತೆಗೆಯಲಿ. ಆಮೇಲೆ ಸಾರಜನಕ, ಹೈಡ್ರೋಜನ್ ಸೇರಿಸಿ ಅಮೋನಿಯ ಮಾಡುವ ಹಾಬರ್ ವಿಧಾನ: ಬಿಸಿ ಜಾಸ್ತಿಯಾದರೆ ಅಮೋನಿಯ ಕಡಿಮೆ, ಬಿಸಿ ಕಡಿಮೆಯಾದರೆ ಕ್ರಿಯೆ ಆಮೆ ನಡಿಗೆ. 1913ರಲ್ಲಿ ಕಾರ್ಖಾನೆ ಶುರುವಾಯಿತು. ಗೊಬ್ಬರವಾಗಿ ಜಗತ್ತಿನ ಊಟಕ್ಕೂ, ಮೊದಲ ಮಹಾಯುದ್ಧದ ಸಿಡಿಮದ್ದಿಗೂ ಅದೇ ಅಮೋನಿಯ.

ಇದನ್ನೆಲ್ಲ ಹೇಳಿ ಮಕ್ಕಳಿಗೆ ಭಯ ಹುಟ್ಟಿಸಿದ ಹಾಗಾಗಲ್ವಾ?

ಆಗುತ್ತದೆ, ಸಮಸ್ಯೆ ಮಾತ್ರ ಹೇಳಿ ಬಿಟ್ಟರೆ. ಅದಕ್ಕೇ ಓಝೋನ್ ಕತೆಯನ್ನು ತಪ್ಪದೆ ಹೇಳುತ್ತೇನೆ. ಫ್ರಿಜ್ಜಿನ ಕ್ಲೋರೊಫ್ಲೋರೊಕಾರ್ಬನ್‌ಗಳು ಓಝೋನ್ ತಿನ್ನಬಹುದು ಎಂದು ಮೊಲಿನಾ, ರೋಲೆಂಡ್ 1974ರಲ್ಲಿ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ರಂಧ್ರದ ವರದಿ ಬಂತು. ಎರಡೇ ವರ್ಷದಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಈಗಿನ ನೀತಿ ಹೀಗೇ ನಡೆದರೆ ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ ಪದರ 1980ರ ಮಟ್ಟಕ್ಕೆ ಮರಳುತ್ತದೆ ಎಂದು ವಿಶ್ವಸಂಸ್ಥೆಯ ಅಂದಾಜು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. "ಓಝೋನ್ ತೂತಾಗಿ ಬಿಸಿಲು ಒಳಗೆ ಬಂದು ಭೂಮಿ ಬಿಸಿಯಾಗುತ್ತಿದೆ" ಎಂದು ಬರೆದ ಉತ್ತರಕ್ಕೆ ಎಷ್ಟೋ ವರ್ಷ ನಾನು ಪೂರ್ತಿ ಅಂಕ ಕೊಟ್ಟಿದ್ದೇನೆ. ಅದು ಎರಡು ಬೇರೆ ಸಂಗತಿಗಳ ಕಲಸುಮೇಲೋಗರ. ಓಝೋನ್ ತಡೆಯುವುದು ಅತಿನೇರಳೆ ಕಿರಣವನ್ನು. ಭೂಮಿ ಬಿಸಿಯಾಗುವುದು ಹೊರಹೋಗಬೇಕಾದ ಶಾಖವನ್ನು ಕಾರ್ಬನ್ ಡೈಆಕ್ಸೈಡಿನಂಥ ಅನಿಲಗಳು ಹಿಡಿದಿಡುವುದರಿಂದ.

ಪರೀಕ್ಷೆಯಲ್ಲಿ ಇದನ್ನು ಹೇಗೆ ಕೇಳ್ತೀರಿ?

"ಜಾಗತಿಕ ತಾಪಮಾನದ ಬಗ್ಗೆ ಟಿಪ್ಪಣಿ ಬರೆಯಿರಿ" ಅಂತ ಕೇಳುವುದಿಲ್ಲ. ಟಿಪ್ಪಣಿ ಗೈಡಿನಲ್ಲಿ ಸಿಗುತ್ತದೆ. ಹೋದ ಸಲ ಕಿರುಪರೀಕ್ಷೆಗೆ ಇಟ್ಟದ್ದು ಇದು: "ಬೋರ್ಡೋ ದ್ರಾವಣದಲ್ಲಿ ಅದ್ದಿದ ಕತ್ತಿ ಕೆಂಪಾಯಿತು. (1) ಕ್ರಿಯೆ ಬರೆಯಿರಿ. (2) ಏನು ಸೇರಿಸುತ್ತೀರಿ, ಯಾಕೆ? (3) ಕತ್ತಿಯ ಬದಲು ಬೆಳ್ಳಿ ಚಮಚ ಅದ್ದಿದರೆ?" ಮೂರನೆಯದಕ್ಕೆ ಒಬ್ಬ ಬರೆದಿದ್ದ: "ಏನೂ ಆಗುವುದಿಲ್ಲ, ಬೆಳ್ಳಿ ತಾಮ್ರಕ್ಕಿಂತ ಕಡಿಮೆ ಕ್ರಿಯಾಶೀಲ. ಆದರೆ ಅಮ್ಮ ಬೈಯುತ್ತಾಳೆ." ಪೂರ್ತಿ ಅಂಕ ಕೊಟ್ಟೆ.